ನಕ್ಕ ಹಾಗೆ ಮಾಡಿದೆ ಎಂದು ಬರೆದೆಯಲ್ಲ

ಪೆರ್ಲ
ನವೆಂಬರ್, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ನಾನು ಪುನಃ ಬರೆಯುವುದಿಲ್ಲ. ನೇರ ನಿನ್ನ ಕೊನೆಯ ಪುಟಕ್ಕೆ ಬರುತ್ತೇನೆ.

ನಾಲ್ಕು ಪುಟ ಬರೆದಿದ್ದೀ. ಮೂರೂವರೆ ಪುಟ ಖುಷಿಯದ್ದೇ. ಪಂದ್ಯಗಳು ಶುರುವಾಗುವ ಮೊದಲು ನಿಮ್ಮ ಕೋಚ್ ಒಂದು ಭಾನುವಾರ ಬ್ಯಾಸ್ಕೆಟ್‌ಬಾಲನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಹಳಬರು ಹೊಸಬರು ಹದಿನೆಂಟು ಜನರನ್ನೂ ದೊಡ್ಡ ಮೈದಾನಕ್ಕೆ ಕರೆದುಕೊಂಡು ಹೋಗಿ ಸಾಫ್ಟ್‌ಬಾಲ್ ಆಡಿಸಿದ್ದು. ಚೀಟಿ ಎತ್ತಿ ಒಂಬತ್ತೊಂಬತ್ತು ಜನರ ಎರಡು ತಂಡ ಮಾಡಿದ್ದು. ಯಾರಿಗೂ ಆ ಆಟ ಸರಿಯಾಗಿ ಗೊತ್ತಿಲ್ಲದ್ದು. ನಿಮ್ಮ ಆರಡಿಯ ಕ್ಯಾಪ್ಟನ್ ಮೂರು ಸಲ ಬ್ಯಾಟು ಬೀಸಿ ಮೂರು ಸಲವೂ ಗಾಳಿಗೇ ಹೊಡೆದದ್ದು. ಓದುವಾಗ ನನಗೂ ಮೈದಾನದ ಕೆಂಪು ಧೂಳು ಮೂಗಿಗೆ ಬಡಿದ ಹಾಗಾಯಿತು.

ಆಮೇಲೆ ಕೊನೆಯಲ್ಲಿ, ಅಕ್ಷರ ಸಣ್ಣದು ಮಾಡಿ, ಬರೆಯಲೋ ಬೇಡವೋ ಎಂಬ ಹಾಗೆ: "ನನ್ನ ಕೈಯಿಂದ ಕ್ಯಾಚ್ ಜಾರಿದಾಗ ಎಲ್ಲರೂ ಏನೋ ಹೇಳಿ ನಕ್ಕರು ದೊಡ್ಡಪ್ಪ. ನನಗೆ ಅರ್ಥ ಆಗಲಿಲ್ಲ. ನಾನೂ ನಕ್ಕ ಹಾಗೆ ಮಾಡಿದೆ. ಆವತ್ತಿನಿಂದ ಅವರೆಲ್ಲ ಒಂದು, ನಾನು ಬೇರೆ ಅಂತ ಕಾಣುತ್ತದೆ. ಇನ್ನು ಮ್ಯಾಚಿನಲ್ಲಿ ನನಗೆ ಯಾರು ಪಾಸ್ ಕೊಡುತ್ತಾರೆ?"

ಮೊದಲ ಸಲ ಓದುವಾಗ ಅದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಅಂಗಳ ತುಂಬ ಅಡಿಕೆ ಹರಡಿತ್ತು, ಮೂಡು ಬದಿಯಲ್ಲಿ ಮೋಡ ಕಟ್ಟಿತ್ತು, ರಾಶಿ ಮಾಡಿ ಮುಚ್ಚುವ ಗಡಿಬಿಡಿ. ರಾತ್ರಿ ಉಂಡು ಚಾವಡಿಯಲ್ಲಿ ಕೂತು ಇನ್ನೊಮ್ಮೆ ಓದಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ಕ್ಯಾಚು ಹೋದರೆ ಹೋಗಲಿ. ಪಾಸಿನ ವಿಷಯ ಆಮೇಲೆ ಹೇಳುತ್ತೇನೆ. ನಕ್ಕ ಹಾಗೆ ಮಾಡಿದೆ ಎಂದೆಯಲ್ಲ ಮಗಳೇ, ಅದು ನನ್ನನ್ನು ಮಲಗಲಿಕ್ಕೆ ಬಿಡಲಿಲ್ಲ. ಐವತ್ತು ವರ್ಷದ ಹಿಂದೆ ನಾನು ಮಾಡಿ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ನೀನು ನಿನ್ನ ಅಕ್ಷರದಲ್ಲಿ ಬರೆದು ಅಂಚೆಗೆ ಹಾಕಿದ ಹಾಗಾಯಿತು.

ನಿನ್ನೆ ಇಡೀ ದಿನ ಈ ಸಾಫ್ಟ್‌ಬಾಲ್ ಎಂದರೆ ಎಂಥದೆಂದು ಓದಿದೆ. ನಿನ್ನ ತಮ್ಮನ ಫೋನು ತೆಗೆದುಕೊಂಡು ಕನ್ನಡಕ ಹಾಕಿ ಕೂತೆ. ಹೆಸರಿನಲ್ಲಿ ಸಾಫ್ಟ್ ಇದ್ದರೂ ಚೆಂಡು ಮೆತ್ತಗಿಲ್ಲವಂತೆ. ಸುತ್ತಳತೆ 30 ಸೆಂಟಿಮೀಟರಿನಷ್ಟು, ತೂಕ ಕ್ರಿಕೆಟ್ ಚೆಂಡಿಗಿಂತಲೂ ಹೆಚ್ಚು. ನೀನು ದಿನಾ ಹಿಡಿಯುವ ಚೆಂಡಿನ ಸುತ್ತಳತೆ 72 ಸೆಂಟಿಮೀಟರು. ಬ್ಯಾಸ್ಕೆಟ್‌ಬಾಲಿನಲ್ಲಿ ಎರಡೂ ಕೈಯ ಬೆರಳು ಅಗಲಿಸಿ ಎದೆಯ ಮುಂದೆ ಹಿಡಿಯುತ್ತೀರಿ ಅಲ್ಲವಾ? ಇಲ್ಲಿ ಎಡಗೈಗೆ ಚರ್ಮದ ಗ್ಲೌಸು, ಚೆಂಡು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಬಲೆಗೆ ಬಂದು ಕೂರಬೇಕು, ಕೂಡಲೇ ಬಲಗೈ ಮೇಲಿಂದ ಮುಚ್ಚಬೇಕು. ನೀನು ಏಳನೇ ಕ್ಲಾಸಿನಿಂದ ದೊಡ್ಡ ಚೆಂಡು ಹಿಡಿದವಳು. ಗ್ಲೌಸು ಹಾಕಿದ ಕೈಯನ್ನು ಅಂಗೈ ಅಗಲಿಸಿ ಎದೆಯ ಮುಂದೆ ಒಡ್ಡಿರುತ್ತೀ, ಅದು ಅಂಗೈಗೆ ತಾಗಿ ಸಿಡಿದಿರುತ್ತದೆ. ನಾನು ಅಲ್ಲಿ ನಿಂತು ನೋಡಲಿಲ್ಲ, ಆದರೂ ಹಾಗೆಯೇ ಆಗಿರಬೇಕು ಎಂದು ಕಾಣುತ್ತದೆ. ಆ ಹದಿನೇಳು ಜನರಲ್ಲಿ ಎಷ್ಟು ಜನರ ಕೈಯಿಂದ ಚೆಂಡು ಹಾಗೆ ಸಿಡಿಯಿತೆಂದು ನೀನು ಬರೆಯಲಿಲ್ಲ. ನೋಡಿದೆಯೋ ಇಲ್ಲವೋ. ತನ್ನ ಕೈಯಿಂದ ಜಾರಿದ್ದು ಮಾತ್ರ ಒಬ್ಬರಿಗೆ ನೆನಪುಳಿಯುತ್ತದೆ.

ಓದುತ್ತಾ ಇನ್ನೊಂದು ಸಿಕ್ಕಿತು. ಈ ಆಟ ಹುಟ್ಟಿದ್ದು 1887ರಲ್ಲಿ, ಶಿಕಾಗೊದ ಒಂದು ದೋಣಿ ಕ್ಲಬ್ಬಿನ ಒಳಗೆ. ಎರಡು ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶ ತಂತಿಯಲ್ಲಿ ಬರಲಿಕ್ಕಿತ್ತು, ಎರಡೂ ಕಡೆಯ ಹಳೆಯ ವಿದ್ಯಾರ್ಥಿಗಳು ಅಲ್ಲಿ ಸೇರಿದ್ದರು. ಸುದ್ದಿ ಬಂದಾಗ ಗೆದ್ದವರ ಕಡೆಯವನೊಬ್ಬ ಬಾಕ್ಸಿಂಗ್ ಗ್ಲೌಸೊಂದನ್ನು ಎತ್ತಿ ಸೋತವರ ಕಡೆಯವನಿಗೆ ಎಸೆದನಂತೆ, ಅವನು ಕೈಯಲ್ಲಿದ್ದ ಕೋಲಿನಿಂದ ಅದಕ್ಕೆ ಬಾರಿಸಿದನಂತೆ. ಅದನ್ನು ಕಂಡ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಗ್ಲೌಸಿಗೆ ಹಗ್ಗ ಸುತ್ತಿ ಚೆಂಡು ಮಾಡಿ, ನೆಲದ ಮೇಲೆ ಗೆರೆ ಹಾಕಿ ಆಟ ಶುರು ಮಾಡಿದರು. ಹೀಗೆ ಒಬ್ಬರನ್ನೊಬ್ಬರು ಕೆಣಕಿ ನಗುವುದರಿಂದಲೇ ಹುಟ್ಟಿದ ಆಟ ಅದು. ಸೋತವನಿಗೆ ಎಸೆತ ತಾಗಿತೋ ಇಲ್ಲವೋ, ಅವನು ನಕ್ಕನೋ ಇಲ್ಲವೋ, ಅದನ್ನು ಯಾರೂ ಬರೆದಿಡಲಿಲ್ಲ. ನಾನು ಆ ಗಳಿಗೆಯಿಂದ ಅವನ ಬಗ್ಗೆಯೇ ಯೋಚಿಸುತ್ತಿದ್ದೇನೆ.

ನೀನು ನಕ್ಕ ಹಾಗೆ ಮಾಡಿದ್ದು ಯಾಕೆ? ನನ್ನ ಪ್ರಶ್ನೆ ನಿನ್ನನ್ನು ಬೈಯುವುದಕ್ಕಲ್ಲ. ನೀನು ತೃಶೂರಿಗೆ ಹೋಗಿ ಐದು ತಿಂಗಳಾಗಲಿಲ್ಲ. ನಮ್ಮ ಕಾಸರಗೋಡಿನ ಮಲಯಾಳವೇ ಬೇರೆ, ಅಲ್ಲಿಯದ್ದೇ ಬೇರೆ. ಕ್ಲಾಸಿನಲ್ಲಿ ಟೀಚರು ಮಾತಾಡಿದರೆ ಅರ್ಥವಾಗುತ್ತದೆ, ಹುಡುಗಿಯರು ಓಡುತ್ತಾ ಕೂಗುತ್ತಾ ಮಾತಾಡಿದರೆ ಅರ್ಧವೂ ಹಿಡಿಯಲಿಕ್ಕೆ ಸಿಗುವುದಿಲ್ಲ ಎಂದು ಓಣಂ ರಜೆಗೆ ಬಂದಾಗಲೇ ಹೇಳಿದ್ದೀ. ಆಗ ನಾನು ಸರಿಹೋಗುತ್ತದೆ ಎಂದು ಸುಮ್ಮನಾದೆ. ಆವತ್ತೇ ಇದನ್ನು ಹೇಳಬೇಕಿತ್ತು.

ನಾನು ಕಾಲೇಜಿಗೆ ಸೇರಿದ್ದು 1975ರಲ್ಲಿ. ಆಗ ಕಾಸರಗೋಡು ಜಿಲ್ಲೆಯಲ್ಲ, ಕಣ್ಣೂರು ಜಿಲ್ಲೆಯ ಒಂದು ತಾಲೂಕು. ನಮಗೆ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಶಾಲೆಯಲ್ಲಿ ಪುನಃ ಕನ್ನಡ. ಮಲಯಾಳ ಎಂದರೆ ಬಸ್ಸಿನ ಬೋರ್ಡಿನಲ್ಲಿ ಮತ್ತು ಕಚೇರಿಯ ಕಾಗದದಲ್ಲಿ ಕಂಡದ್ದು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಗಾಯ ಮಾಗಿರಲಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿಯ ತಕರಾರು ನೋಡಲಿಕ್ಕೆ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಹೇಳಿದ್ದು ಅಲ್ಲಿಗೇ ನಿಂತಿತ್ತು. ಚಾವಡಿಯಲ್ಲಿ ನಾಲ್ಕು ಜನ ಕೂತರೆ ಅದೇ ಮಾತು. ನಿನ್ನ ಅಜ್ಜನ ವಿಷಯ ನಿನಗೆ ಗೊತ್ತಿರುವುದೇ. ಅಂಥ ಮನೆಯಿಂದ ಹೊರಟವ ನಾನು. ಮಲಯಾಳದ ಮಾತೊಂದು ಅರ್ಥವಾಗದಿದ್ದರೆ ಅದೇನೆಂದು ಕೇಳುವುದು ನನಗೆ ಸೋತ ಹಾಗೆ. ಅರ್ಥವಾಗಲಿಲ್ಲ ಎಂದು ತೋರಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಸೋಲು.

ನಾನು ವಾಲಿಬಾಲ್ ಆಡುತ್ತಿದ್ದೆ ಎಂದು ನಿನಗೆ ಗೊತ್ತು. ಯಾಕೆ ಬಿಟ್ಟೆ ಎಂದು ಗೊತ್ತಿರಲಿಕ್ಕಿಲ್ಲ. ಊರಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ನೆಟ್ಟು ಕಟ್ಟಿ ಆಡಿ ಕಲಿತದ್ದು. ಕಾಲೇಜಿನಲ್ಲಿ ನನ್ನ ಎತ್ತರ ನೋಡಿ ತಂಡಕ್ಕೆ ಸೇರಿಸಿದರು. ಆಗ ಪೇರಾವೂರಿನ ಜಿಮ್ಮಿ ಜಾರ್ಜ್ ಕಲ್ಲಿಕೋಟೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ಕಾಲ. ನಮ್ಮ ಜಿಲ್ಲೆಯವರೇ. ಅವರು ನೆಟ್ಟಿನ ಮೇಲೆ ಗಾಳಿಯಲ್ಲಿ ನಿಂತೇ ಬಿಡುತ್ತಾರೆ ಎಂದು ನೋಡಿಬಂದವರು ಹೇಳುತ್ತಿದ್ದರು. ವಾಲಿಬಾಲ್ ಹಿಡಿದ ಪ್ರತಿಯೊಬ್ಬ ಹುಡುಗನೂ ಆಗ ಅವರ ಹಾಗೆ ಹಾರಲಿಕ್ಕೆ ನೋಡುತ್ತಿದ್ದ, ನಾನೂ ನೋಡಿದೆ. ತಂಡದಲ್ಲಿ ಕನ್ನಡದವ ನಾನೊಬ್ಬನೇ. ಲಿಫ್ಟರ್, ಎಂದರೆ ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವವ, ಪಯ್ಯನ್ನೂರು ಕಡೆಯ ಹುಡುಗ, ಮಾತು ಬಹಳ, ಬೆರಳು ಮಾತ್ರ ಹತ್ತಿಯ ಹಾಗೆ. ಅವ ಎತ್ತಿ ಕೊಟ್ಟ ಚೆಂಡು ನೆಟ್ಟಿನ ಮೇಲೆ ನಮಗಾಗಿ ಕಾದು ನಿಂತ ಹಾಗೆ ಕಾಣುತ್ತಿತ್ತು.

ಮೊದಲ ಪಂದ್ಯದಲ್ಲಿ ನನ್ನ ಸ್ಮ್ಯಾಶ್ ನೆಟ್ಟಿಗೆ ಹೋಯಿತು. ಲಿಫ್ಟರ್ ನನ್ನ ಬೆನ್ನಿಗೆ ತಟ್ಟಿ "ಸಾರಮಿಲ್ಲ" ಎಂದ. ಹಿಂದಿನಿಂದ ಇನ್ನಿಬ್ಬರು "ಸಾರಮಿಲ್ಲ, ಸಾರಮಿಲ್ಲ" ಎಂದು ನಕ್ಕರು. ನನ್ನ ಕಿವಿ ಕನ್ನಡದ ಕಿವಿ. ಅದು ಕೇಳಿದ್ದು ಸಾರವಿಲ್ಲ ಎಂದು. ಇವನಲ್ಲಿ ಸಾರವಿಲ್ಲ, ಹೊರಗಿನಿಂದ ಚಂದ ಕಂಡು ಸುಲಿದರೆ ಕರಿಗೋಟು, ಹಾಳು ಅಡಿಕೆ ಎಂದು. ನಾನು ಏನು ಮಾಡಿದೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ನಕ್ಕ ಹಾಗೆ ಮಾಡಿದೆ.

ಆಮೇಲೆ ಪ್ರತಿ ಸಲ ಚೆಂಡು ಹೊರಗೆ ಹೋದಾಗಲೂ ಅದೇ ಮಾತು, ಪ್ರತಿ ಸಲವೂ ನನ್ನ ಅದೇ ಮುಖ. ಆ ಮುಖ ಹಾಕಿಕೊಳ್ಳುವುದು ದವಡೆಗೆ ಎಷ್ಟು ನೋವು ಎಂದು ನಿನಗೂ ಈಗ ಗೊತ್ತಾಗಿರಬೇಕು. ಬಸ್ಸಿನಲ್ಲಿ ಅವರೆಲ್ಲ ಹಿಂದಿನ ಸೀಟಿನಲ್ಲಿ ಹಾಡುವಾಗ ನಾನು ಕಿಟಕಿಯ ಹತ್ತಿರ ಕೂತಿರುತ್ತಿದ್ದೆ. ಅವರು ಕರೆಯಲಿಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡೆ. ಕರೆದಿದ್ದರು. ಎರಡು ಸಲ ಕರೆದದ್ದು ನನಗೆ ಸರಿಯಾಗಿ ನೆನಪುಂಟು. ಜನವರಿಯಲ್ಲಿ, ಅಡಿಕೆ ಕೊಯ್ಲಿಗೆ ಮನೆಯಲ್ಲಿ ಜನ ಇಲ್ಲ ಎಂದು ಹೇಳಿ ತಂಡ ಬಿಟ್ಟೆ. ಮನೆಯಲ್ಲಿ ಆ ವರ್ಷ ಬೇಕಾದಷ್ಟು ಜನ ಇದ್ದರು.

ಬಿಟ್ಟು ಎರಡು ತಿಂಗಳಾಗಿತ್ತು. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಸಾಬೂನು ತೆಗೆದುಕೊಂಡೆ, ಕೊಡಲಿಕ್ಕೆ ಐದು ಪೈಸೆ ಕಡಿಮೆ ಬಿತ್ತು. ನಾನು ಕಿಸೆ ತಡಕುತ್ತಿರುವಾಗ ಅಂಗಡಿಯ ಮುದುಕರು ಕೈ ಬೀಸಿ "ಸಾರಮಿಲ್ಲ ಮೋನೇ" ಎಂದರು. ನಾನು ಅಲ್ಲಿಯೇ ನಿಂತೆ. ಪಕ್ಕದಲ್ಲಿದ್ದ ಕನ್ನಡದವರೊಬ್ಬರಲ್ಲಿ ಅದರ ಅರ್ಥ ಕೇಳಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ನಾನು ಒಂದು ಮಾತಿನ ಅರ್ಥ ಕೇಳಿದ್ದು. ಪರವಾಗಿಲ್ಲ, ಹೋಗಲಿ ಬಿಡು ಎಂದು ಅರ್ಥ ಎಂದರು.

ಪರವಾಗಿಲ್ಲ, ಹೋಗಲಿ ಬಿಡು. ಅಷ್ಟನ್ನೇ ಅವರು ಆರು ತಿಂಗಳು ನನಗೆ ಹೇಳುತ್ತಾ ಇದ್ದದ್ದು.

ಮರುದಿನವೇ ಮೈದಾನಕ್ಕೆ ಹೋಗಬಹುದಿತ್ತು. ತಂಡ ಅಲ್ಲೇ ಇತ್ತು, ಲಿಫ್ಟರ್ ಅಲ್ಲೇ ಇದ್ದ. ಹೋಗಲಿಲ್ಲ. ಹೋದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ. ನನ್ನ ಕಿವಿ ತಪ್ಪು ಕೇಳಿದ್ದಕ್ಕಿಂತ ನಾನು ಆ ದಿನ ಹೋಗದೆ ಉಳಿದದ್ದು ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ. ಎಷ್ಟೋ ಸಂಗತಿಗಳಲ್ಲಿ ನಾನು ಆಮೇಲೆ ಹಾಗೆಯೇ ಮಾಡಿದೆ. ನಿನ್ನ ದೊಡ್ಡಮ್ಮ ಇದ್ದಾಗ ಅವಳ ಹತ್ತಿರವೂ. ಕೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದದ್ದನ್ನು ಕೇಳದೆ ವರ್ಷಗಟ್ಟಲೆ ಹೊತ್ತುಕೊಂಡೆ. ಅದನ್ನು ಇಲ್ಲಿ ಬರೆಯುವುದು ಬೇಡ.

ನಿನ್ನ ಕ್ಯಾಚು ಜಾರಿದಾಗ ಅವರು ಹೇಳಿದ್ದೂ ಅದೇ ಮಾತು ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಸಾರಮಿಲ್ಲ ಎಂಬ ಮಾತಿನ ಅರ್ಥ ನಿನಗೆ ಗೊತ್ತಿರುವುದೇ, ನೀನು ನನ್ನಷ್ಟು ಮುಚ್ಚಿದ ಮನೆಯಲ್ಲಿ ಬೆಳೆದವಳಲ್ಲ. ಒಬ್ಬಳು ಕುಹಕದಿಂದಲೇ ನಕ್ಕಿರಲೂಬಹುದು. ಹದಿನೇಳು ಜನರಲ್ಲಿ ಅಂಥವಳು ಒಬ್ಬಳು ಇಲ್ಲ ಎಂದು ನಾನು ಹೇಗೆ ಹೇಳಲಿ? ಆದರೆ ಕ್ಯಾಪ್ಟನ್ ಮೂರು ಸಲ ಬೀಸಿ ತಪ್ಪಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದು ನೀನೇ ಎರಡನೇ ಪುಟದಲ್ಲಿ ಬರೆದಿದ್ದೀ. ನಕ್ಕೆವು ಎಂದು ಬರೆದಿದ್ದೀ, ನಕ್ಕರು ಎಂದಲ್ಲ. ಆಗ ನೀನು ಅವಳನ್ನು ಹೀನಾಯ ಮಾಡಿ ನಕ್ಕೆಯಾ? ನಿನ್ನ ಮನಸ್ಸು ನನಗೆ ಗೊತ್ತು, ಇಲ್ಲ. ಆ ಎರಡನೇ ಪುಟವನ್ನು ನೀನು ನಾಲ್ಕನೇ ಪುಟ ಬರೆಯುವಾಗ ಮರೆತುಬಿಟ್ಟೆ.

ಪಾಸಿನ ವಿಷಯ ಹೇಳುತ್ತೇನೆ ಎಂದಿದ್ದೆ. ಬ್ಯಾಸ್ಕೆಟ್‌ಬಾಲ್ ಶುರುವಾದದ್ದು 1891ರ ಚಳಿಗಾಲದಲ್ಲಿ ಎಂದು ಓದಿದೆ, ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬಹುದು. ಆ ಆಟ ಹುಟ್ಟಿಸಿದ ನೈಸ್ಮಿತ್ ಮಾಸ್ಟ್ರ ಕ್ಲಾಸಿನಲ್ಲಿ ಇದ್ದದ್ದು ಹದಿನೆಂಟು ಜನ. ಒಂದೊಂದು ಕಡೆಗೆ ಒಂಬತ್ತು. ನಿಮ್ಮ ಆ ಭಾನುವಾರದ ಲೆಕ್ಕವೇ. ಆಗಿನ ನಿಯಮದಲ್ಲಿ ಚೆಂಡು ಹಿಡಿದವನು ಓಡುವ ಹಾಗಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಇನ್ನೊಬ್ಬನಿಗೆ ಕೊಡದೆ ಆಟ ಒಂದು ಹೆಜ್ಜೆ ಮುಂದೆ ಹೋಗುವ ಹಾಗೇ ಇರಲಿಲ್ಲ. ಈಗ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವ ಡ್ರಿಬಲ್ ಬಂದಿದೆ, ಇಪ್ಪತ್ತನಾಲ್ಕು ಸೆಕೆಂಡಿನ ಲೆಕ್ಕ ಬಂದಿದೆ. ಆ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕಾದವಳು, ಖಾಲಿ ನಿಂತ ಹುಡುಗಿ ಕಂಡರೆ, ಭಾನುವಾರ ಕ್ಯಾಚು ಬಿಟ್ಟವಳು ಇವಳಲ್ಲವಾ ಎಂದು ಯೋಚಿಸುತ್ತಾ ನಿಲ್ಲುತ್ತಾಳಾ? ನಾನು ಆಡಿದ್ದು ಬೇರೆ ಆಟ, ಹೆಚ್ಚು ಹೇಳಲಿಕ್ಕೆ ಹೆದರಿಕೆ. ನಿನ್ನ ಕೋಣೆಯ ಗೋಡೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಗೀತು ಅನ್ನಾ ಜೋಸ್ ಅವರ ಚಿತ್ರ ಅಂಟಿಸಿದ್ದೀಯಲ್ಲ, ಅವರು ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಹೋಗಿ ಆಡಿದವರು. ಅಲ್ಲಿನ ಹುಡುಗಿಯರ ನಗು ಅವರಿಗೆ ಮೊದಲ ದಿನವೇ ಅರ್ಥವಾಯಿತೋ ಎಂದು ಕೇಳಬೇಕೆಂದು ನನಗೆ ಆಸೆ.

ನನ್ನ ಲಿಫ್ಟರ್ ನನಗೆ ಇನ್ನೊಮ್ಮೆ ಸಿಕ್ಕಿದ. ಹದಿನೈದು ವರ್ಷ ಕಳೆದ ಮೇಲೆ, ಕಣ್ಣೂರಿನಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ. ಅಷ್ಟು ಹೊತ್ತಿಗೆ ನನಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಅವನೇ ಗುರುತು ಹಿಡಿದು ಬಂದು ಪಕ್ಕದಲ್ಲಿ ಕೂತ. ಕೊಯ್ಲು ಹೇಗಾಯಿತು ಎಂದು ಕೇಳಿದ. ನಾನು ತಂಡ ಬಿಟ್ಟ ವರ್ಷದ ಕೊಯ್ಲನ್ನು ಕೇಳುತ್ತಿದ್ದಾನೆಂದು ಮೊದಲು ತಿಳಿಯಲಿಲ್ಲ ನನಗೆ. ಆಮೇಲೆ ಅವ ಹೇಳಿದ: ನೀನು ಬಿಟ್ಟ ಮೇಲೂ ನನ್ನ ಕೈ ನಿನ್ನ ಎತ್ತರಕ್ಕೇ ಎತ್ತುತ್ತಿತ್ತು, ಬೇರೆಯವರಿಗೆ ಚೆಂಡು ಸಿಗುತ್ತಿರಲಿಲ್ಲ, ಆ ವರ್ಷವೆಲ್ಲ ಬೈಗಳು ತಿಂದೆ.

ನಾನು ಆಗಲಾದರೂ ಹೇಳಬಹುದಿತ್ತು. ಸಾರಮಿಲ್ಲ ಎಂಬುದು ನನ್ನ ಕಿವಿಗೆ ಹೇಗೆ ಬಿತ್ತು ಎಂದು ಹೇಳಿದ್ದರೆ ಅವ ನಗುತ್ತಿದ್ದ, ನಾನೂ ನಿಜವಾಗಿ ನಗುತ್ತಿದ್ದೆನೋ ಏನೋ. ಕುಂಬಳೆ ಬಂತು, ಇಳಿದೆ. ಅವ ಮಂಗಳೂರಿಗೆ ಹೋಗುವವ. ಕಿಟಕಿಯಿಂದ ಕೈ ಎತ್ತಿದ. ಊರಿನ ವಿಳಾಸ ಕೂಡ ಕೇಳಲಿಲ್ಲ ನಾನು.

ಇದನ್ನೆಲ್ಲ ನಿನಗೆ ಯಾಕೆ ಬರೆದೆನೋ. ಕಾಗದದ ಕೆಳಗೆ, ತಂಡ ಬಿಟ್ಟು ಓದಿನ ಕಡೆ ಗಮನ ಕೊಡುವುದೇ ಒಳ್ಳೆಯದೋ ಎಂದು ಕೇಳಿದ್ದೀ. ಓದು ನಿನ್ನ ಕೊಯ್ಲು ಆಗಬಾರದು ಮಗಳೇ. ನಿಜವಾಗಿ ಓದಬೇಕೆಂದೇ ಬಿಡುವುದಾದರೆ ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ, ಯಾರೂ ಒಂದು ಮಾತೂ ಆಡಲಿಕ್ಕಿಲ್ಲ. ಆದರೆ ಮೊದಲು ಕೇಳು.

ಎಲ್ಲರನ್ನೂ ಕೇಳಬೇಡ, ಗುಂಪಿನಲ್ಲಿ ಕೇಳಿದರೆ ಪುನಃ ನಗು ಬಂದೀತು. ಒಬ್ಬಳನ್ನು ಕೇಳು. ನಿನ್ನ ಜೊತೆ ಬಟ್ಟೆ ಒಗೆಯಲಿಕ್ಕೆ ಬರುವವಳು ಎಂದು ಬರೆದಿದ್ದೀಯಲ್ಲ, ಕೋಟ್ಟಯಂನವಳು, ಅವಳಾದರೆ ಒಳ್ಳೆಯದು. ಆವತ್ತು ನನ್ನ ಕೈಯಿಂದ ಚೆಂಡು ಬಿದ್ದಾಗ ಏನು ಹೇಳಿದ್ದು, ನನಗೆ ತಿಳಿಯಲಿಲ್ಲ ಎಂದು. ಅಷ್ಟೇ. ನಿನ್ನ ಮಲಯಾಳ ತಪ್ಪಿದರೂ ತಪ್ಪಲಿ. ಕ್ಯಾಪ್ಟನ್‌ಗೆ ಹೋಗಿ ದೂರು ಹೇಳಬೇಡ, ಈಗಲೇ ಬೇಡ. ಅಥವಾ ಅದೇ ಸರಿಯೋ, ನನಗೆ ತಿಳಿಯದು. ಹುಡುಗಿಯರ ತಂಡದ ಒಳಗಿನ ರೀತಿ ನಾನು ಬಲ್ಲವನಲ್ಲ. ನಾನು ಹೇಳಿದ್ದು ಸರಿಯಿಲ್ಲ ಎಂದು ಕಂಡರೆ ಬಿಟ್ಟುಬಿಡು.

ಮತ್ತೆ, ಕೋರ್ಟಿನಲ್ಲಿ ಖಾಲಿ ನಿಂತಾಗ ಸ್ವರ ಎತ್ತಿ ಕೂಗು. ನೀನು ಸಣ್ಣವಳಿದ್ದಾಗಿನಿಂದಲೂ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದವಳಲ್ಲ, ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಿದ್ದೀ. ಆಟದಲ್ಲಿ ಅದು ಆಗಲಿಕ್ಕಿಲ್ಲ. ಅವರ ಭಾಷೆಯಲ್ಲಿ ಬಾರದಿದ್ದರೆ "ಇಲ್ಲಿ" ಎಂದೇ ಕೂಗು. ಎರಡು ದಿನದಲ್ಲಿ ಅವರಿಗೂ ಅಭ್ಯಾಸವಾದೀತು.

ಉತ್ತರ ಏನೇ ಬಂದರೂ ನನಗೆ ಬರೆ. ಅವರು ನಿಜವಾಗಿ ಹೀನಾಯದ ಮಾತನ್ನೇ ಆಡಿದ್ದರೂ ಬರೆ. ಆಗ ಏನು ಮಾಡಬೇಕೆಂದು ಇಬ್ಬರೂ ಕೂತು ಯೋಚಿಸುವಾ. ಬೇಕಾದರೆ ನಾನು ರೈಲು ಹತ್ತಿ ಬರುತ್ತೇನೆ, ಕೊಯ್ಲಿಗೆ ಈ ವರ್ಷವೂ ಜನ ಬೇಕಾದಷ್ಟು ಇದ್ದಾರೆ. ಆದರೆ ಕೇಳದೆ ಬರೆಯಬೇಡ. ನಕ್ಕ ಹಾಗೆ ಮಾಡಿದೆ ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡ, ನನಗೆ ಓದಲಿಕ್ಕಾಗುವುದಿಲ್ಲ.

ಇದರ ಜೊತೆ ಪಾರ್ಸೆಲಿನಲ್ಲಿ ಹಲಸಿನ ಹಪ್ಪಳ ಕಳಿಸಿದ್ದೇನೆ. ಮೇ ತಿಂಗಳಲ್ಲಿ ನಿನ್ನ ಅಮ್ಮ ಒಣಗಿಸಿದ್ದು, ಡಬ್ಬಿಯ ತಳದಲ್ಲಿ ಉಳಿದದ್ದು ಇಷ್ಟೇ. ಎಣಿಸಿ ಕಟ್ಟಿದ್ದೇನೆ, ಹದಿನೆಂಟು ಜನಕ್ಕೆ ತಲಾ ಎರಡರ ಹಾಗೆ. ಹಾಸ್ಟೆಲಿನ ಅಡುಗೆಯವರಲ್ಲಿ ಹೇಳಿದರೆ ಕರಿದು ಕೊಟ್ಟಾರು. ಅವರು ಅದನ್ನು ಪಪ್ಪಡಂ ಎಂದುಕೊಂಡಾರು. ತಿಂದ ಮೇಲೆ ಇದು ಎಂಥದೆಂದು ಕೇಳುತ್ತಾರೆ, ಆಗ ನೀನು ಹೇಳಿಕೊಡು.

ನಿನ್ನ
ದೊಡ್ಡಪ್ಪ